ವರ್ಷ ತುಂಬುವ ಮೊದಲು ನಾಲ್ಕು ಟೈರು

ಮನ್ರೋ, ನ್ಯೂಜೆರ್ಸಿ
9 ನವೆಂಬರ್ 2024

ಶೈಲಕ್ಕನಿಗೆ ವಿಜಿಯ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ ನಿಮ್ಮ ಮೊಮ್ಮಗ ಮನೆಮಂದಿಯ ಮುಂದೆಲ್ಲ ಗಟ್ಟಿಯಾಗಿ ಓದುತ್ತಾನೆ. ಹಾಗಾಗಿ ಕಾಗದವೇ ಮೇಲು. ತಡವಾದರೂ ನಿಮ್ಮ ಕೈಗೇ ಸೇರುತ್ತದೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ. ನಿಮ್ಮ ತಮ್ಮ ಹೋದ ಮೇಲೆ ಅಡುಗೆಯ ಅಳತೆ ನನಗಿನ್ನೂ ಸಿಕ್ಕಿಲ್ಲ. ಸಾರು ದಿನಾ ಉಳಿಯುತ್ತದೆ.

ಗಾರ್ಗಿಗೆ ಬ್ರಿಡ್ಜ್‌ವಾಟರ್‌ನಲ್ಲಿ ಔಷಧ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಮನೆಯಿಂದ ಮಾಡುವ ಕೆಲಸವಲ್ಲ. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು, ಕತ್ತಲಿರುವಾಗಲೇ ಹೊರಡುತ್ತಾಳೆ. ಅವಳು ಓಡಿಸುವುದು ಅವಳ ಅಪ್ಪನ ಕಾರನ್ನೇ. ಅವರು ಹೋಗುವ ಹಿಂದಿನ ಬೇಸಿಗೆಯಲ್ಲಿ ಕೊಂಡದ್ದು. ಕೊಂಡ ಮೇಲೆ ಅದು ಆಸ್ಪತ್ರೆಗೆ ಹೋದದ್ದೇ ಹೆಚ್ಚು. ಟೈರುಗಳ ಅಂಚಿನಲ್ಲಿ ಹೊಸ ರಬ್ಬರಿನ ಸಣ್ಣ ಸಣ್ಣ ಕೂದಲು ಇನ್ನೂ ಹಾಗೆಯೇ ಇವೆ.

ಈಗ ಆ ಟೈರಿನದೇ ಮಾತು. ಆಯಿಲ್ ಬದಲಿಸಲು ಹೋದಾಗ ಗ್ಯಾರೇಜಿನ ಟೋನಿ ಗಾರ್ಗಿಗೆ ಹೇಳಿದನಂತೆ, ಕಾರಿನ ಜೊತೆ ಬರುವ ಆಲ್ ಸೀಸನ್ ಟೈರು ಮೂರು ಸೀಸನ್ನಿಗೆ ಸರಿ, ನಾಲ್ಕನೆಯದಕ್ಕೆ ಸಾಲದು, ನಲವತ್ತೈದು ಡಿಗ್ರಿಗಿಂತ ಕೆಳಗೆ ಹೋದರೆ ಆ ರಬ್ಬರು ಗಟ್ಟಿಯಾಗಿ ರಸ್ತೆಯ ಹಿಡಿತ ಬಿಡುತ್ತದೆ ಎಂದು. ಚಳಿಗಾಲಕ್ಕೆಂದೇ ಬೇರೆ ಟೈರು ಬರುತ್ತದೆ, ಹಾಕಿಸೋಣ ಎನ್ನುತ್ತಾಳೆ. ಪಕ್ಕದ ಮನೆಯ ಅತುಲ್ ಭಾಯ್ ನಕ್ಕುಬಿಟ್ಟರು. “ಎಷ್ಟೋ ವರ್ಷದಿಂದ ಜೆರ್ಸಿಯಲ್ಲಿದ್ದೀನಿ ವಿಜಿ ಬೆಹೆನ್, ಒಂದು ಸಲವೂ ಬದಲಿಸಿಲ್ಲ. ಹಿಮ ಬೀಳೋಕ್ಕೆ ಮೊದಲೇ ರಸ್ತೆ ಹಿಮ ತಳ್ಳೋ ಪ್ಲೌ ಗಾಡಿ ಬಂದಿರುತ್ತೆ. ಟೋನಿ ಟೈರು ಮಾರೋನು, ಬೇಡ ಅಂತಾನಾ?” ಎಂದರು.

ನಿಮ್ಮ ತಮ್ಮನ ವಿಷಯ ನಿಮಗೆ ಗೊತ್ತೇ ಇದೆ. ‘ಕಂಪನಿಯದು’ ಎಂದರೆ ಅವರಿಗೆ ಮುಗಿಯಿತು. ಕಂಪನಿಯೇ ಹಾಕಿ ಕೊಟ್ಟದ್ದನ್ನು ಬಿಚ್ಚಿ ಬೇರೆ ಹಾಕುವುದು ಎಂದರೆ ಆಗುತ್ತಿರಲಿಲ್ಲ. ಗಾರ್ಗಿಗೆ ಅದನ್ನೇ ಹೇಳಿದೆ. “ಅಮ್ಮಾ, ಹಿ ಡ್ರೋವ್ ದಿಸ್ ಕಾರ್ ಒನ್ ವಿಂಟರ್. ಟು ದ ಹಾಸ್ಪಿಟಲ್” ಎಂದಳು.

ಇನ್ನೊಂದು ಸಂಗತಿ. ವರ್ಷಾಬ್ದಿಕ ಇರುವುದು ಫೆಬ್ರವರಿಯಲ್ಲಿ. ವರ್ಷ ತುಂಬುವವರೆಗೆ ಮನೆಗೆ ಹೊಸದು ತರಬಾರದು ಎಂದು ನೀವು ಹೇಳಿದ್ದಿರಿ. ಇವತ್ತಿನವರೆಗೆ ಒಂದು ಸೌಟನ್ನೂ ತಂದಿಲ್ಲ. ಟೈರು ಆ ಲೆಕ್ಕಕ್ಕೆ ಬರುತ್ತದೆಯೇ? ಮನೆಯಲ್ಲಿ ಹಿರಿಯರು ಅಂತ ಈಗ ನೀವೊಬ್ಬರೇ. ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ
ವಿಜಿ

*

ಸರಸ್ವತಿಪುರಂ, ಮೈಸೂರು
27 ನವೆಂಬರ್ 2024

ಚಿ. ಸೌ. ವಿಜಿಗೆ ಆಶೀರ್ವಾದಗಳು.

ಬರೆದ ಮೇಲೆ ನೋಡಿದೆ, ‘ಸೌ’ ಎಂದು ಬರೆದುಬಿಟ್ಟಿದ್ದೇನೆ. ಎಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಬರೆಯಿತು. ಹೊಡೆದುಹಾಕಲು ಮನಸ್ಸು ಬರಲಿಲ್ಲ. ಹಾಗೆಯೇ ಇರಲಿ.

ನಿನ್ನ ಕಾಗದ ಓದಿ ಆಶ್ಚರ್ಯವಾಯಿತು. ನಲವತ್ತೈದು ಡಿಗ್ರಿ ಎಂದರೆ ಕಲಬುರಗಿಯ ಬೇಸಿಗೆ ಕಣೇ. ಅದಕ್ಕಿಂತ ಕಡಿಮೆಯಾದರೆ ಟೈರಿಗೆ ಒಳ್ಳೆಯದೇ ಅಲ್ಲವೇ? ಬಿಸಿಗೆ ಟೈರು ಒಡೆಯುವುದನ್ನು ಕೇಳಿದ್ದೇನೆ, ತಣ್ಣಗಾದರೆ ಕೆಡುತ್ತದೆ ಎನ್ನುವುದನ್ನು ಇದೇ ಮೊದಲು ಕೇಳಿದ್ದು. ಆ ಟೋನಿ ಯಾರೋ ನಿಮಗೆ ಟೋಪಿ ಹಾಕುತ್ತಿದ್ದಾನೆ. ಗಂಡಸು ದಿಕ್ಕಿಲ್ಲದ ಮನೆ ಎಂದರೆ ಎಲ್ಲ ಊರಲ್ಲೂ ಅಷ್ಟೇ. ನಿಮ್ಮ ಭಾವನವರ ಸ್ಕೂಟರಿನಲ್ಲಿ ಕಂಪನಿ ಟೈರು ಎಷ್ಟು ಕಾಲ ಬಾಳಿತು, ನೀನೇ ನೋಡಿದ್ದೀಯ. ರಿಪೇರಿಯವನು ಬದಲಿಸಿದ ಮೇಲೆಯೇ ತಿಂಗಳಿಗೊಂದು ಪಂಚರು.

ಆಲ್ ಸೀಸನ್ ಎಂದರೆ ಎಲ್ಲ ಕಾಲಕ್ಕೂ ಎಂದಲ್ಲವೇ? ಚಳಿಗಾಲ ಒಂದು ಕಾಲವಲ್ಲವೇ? ಮೇಲೇ ಬರೆದಿರುವಾಗ ಇನ್ನೇನು. ಚಳಿ ಇಲ್ಲಿಯೂ ವಿಪರೀತವಿದೆ, ನಾನು ಆಗಲೇ ಸ್ವೆಟರು ತೆಗೆದಿದ್ದೇನೆ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇವತ್ತು ಟೈರು, ನಾಳೆ ಕಾರನ್ನೇ ಕೊಟ್ಟುಬಿಡುವ ಯೋಚನೆಯೇನಾದರೂ ಗಾರ್ಗಿಗೆ ಇದೆಯೇ? ಈ ಕಾಲದ ಮಕ್ಕಳು, ಅಮೆರಿಕದಲ್ಲಿ ಹುಟ್ಟಿದವಳು. ದಿವಾಕರ ಆಸೆಪಟ್ಟು ಕೊಂಡದ್ದು. ಕಾರಿನ ಮುಂದೆ ನಿಂತು ಅವನು ಕಳಿಸಿದ ಫೋಟೋ ನನ್ನ ದಿಂಬಿನ ಪಕ್ಕದಲ್ಲಿಯೇ ಇದೆ.

ಟೈರು ಹೊಸದೇ, ಅದರಲ್ಲಿ ಅನುಮಾನವೇನು? ವಾಹನಕ್ಕೆ ಹಾಕುವುದು ಮನೆಗೆ ತಂದ ಹಾಗೆಯೇ. ವರ್ಷ ಕಳೆಯಲಿ, ಆಮೇಲೆ ಬೇಕಾದ್ದು ಮಾಡಿಕೊಳ್ಳಿ. ಈಗ ಬೇಡ.

ಆಶೀರ್ವಾದಗಳೊಂದಿಗೆ,
ಶೈಲಜಾ

*

ಮನ್ರೋ
14 ಡಿಸೆಂಬರ್ 2024

ಶೈಲಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಈ ಸೋಮವಾರ ತಲುಪಿತು. ನೀವು ಹೇಳಿದಂತೆಯೇ ಆಗಲಿ. ಗಾರ್ಗಿಗೆ ತಿಳಿಸಿದೆ. “ಓಕೆ” ಎಂದಳು. ಅವಳು ವಾದ ಮಾಡಿದರೆ ನನಗೆ ಸಮಾಧಾನ, ಓಕೆ ಎಂದರೆ ಭಯ.

ಬುಧವಾರ ಮೊದಲ ಹಿಮ ಬಿತ್ತು. ಹೆಚ್ಚೇನಿಲ್ಲ, ರವೆ ಚೆಲ್ಲಿದಷ್ಟು. ಆ ದಿನ ಅವಳು ಮನೆಗೆ ಬರಲಿಲ್ಲ. ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಅಲ್ಲೇ ಹತ್ತಿರವಿರುವ ಆಯೇಷಾಳ ಮನೆಯಲ್ಲಿ ಉಳಿಯುತ್ತೇನೆ ಎಂದು ಮೆಸೇಜು ಬಂತು. ಮಾರನೆಯ ದಿನವೂ ಬರಲಿಲ್ಲ. ಆಯೇಷಾ ಅವಳ ಕಾಲೇಜಿನ ಸ್ನೇಹಿತೆ, ಒಳ್ಳೆಯ ಹುಡುಗಿ. ಹೊಸ ಕೆಲಸವಲ್ಲವೇ, ಶ್ರಮ ಇದ್ದದ್ದೇ.

ಕಾರು ಮಾರುವ ಯೋಚನೆ ಇಲ್ಲ. ಅದರ ಬಗ್ಗೆ ನಿಶ್ಚಿಂತೆಯಾಗಿರಿ.

ವಿಜಿ

*

ಮೈಸೂರು
3 ಜನವರಿ 2025

ವಿಜಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಇಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದವಳಲ್ಲ. ನನ್ನ ಮೇಲೆ ಸಿಟ್ಟೇ? ಕಾರಿನ ಮಾತು ಎತ್ತಿದ್ದಕ್ಕೆ ಇರಬೇಕು. ಕಿವಿ ಕೇಳಿಸದವರು ಗಟ್ಟಿಯಾಗಿ ಮಾತಾಡುತ್ತಾರೆ, ಬರವಣಿಗೆಯಲ್ಲಿಯೂ ಹಾಗೆಯೇ ಆಗುತ್ತದೆಯೇನೋ.

ನೋಡು, ನಾನು ಹೇಳಿದ ಹಾಗೆ ನೀನು ಕೇಳಿದೆ, ಏನೂ ಆಗಲಿಲ್ಲವಲ್ಲ. ರವೆ ಚೆಲ್ಲಿದಷ್ಟು ಎಂದು ನೀನೇ ಬರೆದಿದ್ದೀಯ. ಅದಕ್ಕೆಲ್ಲ ಯಾರಾದರೂ ಟೈರು ಬದಲಿಸುತ್ತಾರೆಯೇ?

ಮಗಳು ಸ್ನೇಹಿತೆಯ ಮನೆಯಲ್ಲಿ ಉಳಿಯುವುದನ್ನು ಅಭ್ಯಾಸ ಮಾಡಿಸಬೇಡ. ಮನೆಯಲ್ಲಿ ನೀನೊಬ್ಬಳೇ ಇರುವುದು ಅವಳಿಗೆ ಗೊತ್ತಿರಬೇಕು.

ವರ್ಷಾಬ್ದಿಕಕ್ಕೆ ದರ್ಭೆ, ಕರಿ ಎಳ್ಳು ಅಲ್ಲಿ ಸಿಗುತ್ತದೆಯೇ ಬರೆ. ಗಾರ್ಗಿಯ ಕೈಯಿಂದ ಮಾಡಿಸಲು ಪುರೋಹಿತರು ಒಪ್ಪಿದ್ದಾರೆ ಎಂದು ನೀನು ಹಿಂದೆ ಬರೆದಿದ್ದೆ. ಮೊದಲು ನನಗೆ ಸರಿ ಕಾಣಲಿಲ್ಲ. ಈಗ ಯೋಚಿಸಿದರೆ ಅವಳಲ್ಲದೆ ಇನ್ಯಾರು ಎನ್ನಿಸುತ್ತದೆ. ತಿಥಿ ಮಾತ್ರ ತಪ್ಪಬಾರದು.

ಶೈಲಜಾ

*

ಮನ್ರೋ
11 ಜನವರಿ 2025

ಶೈಲಕ್ಕನಿಗೆ ನಮಸ್ಕಾರ.

ನಿಮ್ಮಿಂದ ಬರಬೇಕಾದ ಕಾಗದ ಇನ್ನೂ ಬಂದಿಲ್ಲ. ಅದಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನೆ ಅತುಲ್ ಭಾಯ್ ತಮ್ಮ ಮನೆಯ ಮುಂದಿನ ಹಿಮ ಎಳೆದು, ಹಾಗೆಯೇ ನಮ್ಮ ಕಡೆಯದನ್ನೂ ಎಳೆಯುತ್ತಿದ್ದರು. ಚಹಾ ಕೊಡಲು ಹೋದೆ. “ಬೆಹೆನ್, ಬೆಳಗ್ಗೆ ಗಾರ್ಗಿ ಹೊರಡೋವಾಗ ನೋಡಿದೆ, ಗಾಡಿಯ ಹಿಂದೆ ಬಂಪರ್ ಏನಾಯ್ತು? ಯಾರಾದ್ರೂ ಪಾರ್ಕಿಂಗಲ್ಲಿ ಗುದ್ದಿದ್ರಾ?” ಎಂದು ಕೇಳಿದರು. ಗಾರ್ಗಿ ಒಂದು ತಿಂಗಳಿಂದ ಹಿಂಭಾಗ ಗೋಡೆಯ ಕಡೆಗಿರುವಂತೆ ಕಾರು ನಿಲ್ಲಿಸುತ್ತಿದ್ದಳು. ಯಾಕೆಂದು ನನಗೆ ಆಗ ಹೊಳೆಯಿತು.

ಸಂಜೆ ಅವಳು ಬಂದು ಶೂ ಬಿಚ್ಚುವ ಮೊದಲೇ ಕೇಳಿದೆ.

“ನಥಿಂಗ್ ಅಮ್ಮಾ. ಐ ಸ್ಲಿಡ್.”

“ಎಲ್ಲಿ?”

“ಎಕ್ಸಿಟ್ ತಿರುವಿನಲ್ಲಿ. ಟು ಎಯ್ಟಿ ಸೆವೆನ್ ಹೈವೇಯಿಂದ ಇಳಿಯೋವಾಗ.”

“ಯಾವಾಗ?”

ಆ ಬುಧವಾರವೇ. ನಿಮ್ಮ ಕಾಗದ ಬಂದ ವಾರ. ರವೆ ಚೆಲ್ಲಿದಷ್ಟು ಹಿಮ ಎಂದು ನಿಮಗೆ ಬರೆದೆನಲ್ಲ, ಆ ಹಿಮ. ನಿಧಾನವಾಗಿಯೇ ಹೋಗುತ್ತಿದ್ದಳಂತೆ. ಬ್ರೇಕು ಒತ್ತಿದರೆ ಕಾರು ಕೇಳಲೇ ಇಲ್ಲವಂತೆ. ಬುಗುರಿಯ ಹಾಗೆ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ, ಹಿಂಭಾಗ ಕಬ್ಬಿಣದ ಬೇಲಿಗೆ ತಾಗಿ ನಿಂತಿತಂತೆ. ಎದುರಿನಿಂದ ಬರುವ ಲಾರಿಯ ದೀಪ ಅವಳ ಕಣ್ಣಿಗೆ ನೇರವಾಗಿ ಬಿತ್ತಂತೆ. ಲಾರಿಯವನಿಗೆ ನಿಲ್ಲಿಸಲು ಆಯಿತು. ಅಷ್ಟೇ ಅಕ್ಕ. ಅವನಿಗೆ ಆಯಿತು, ಅದಕ್ಕೆ ನಾನು ನಿಮಗೆ ಈ ರೀತಿಯ ಕಾಗದ ಬರೆಯುತ್ತಿದ್ದೇನೆ, ಬೇರೆ ರೀತಿಯದಲ್ಲ.

ಎರಡು ದಿನ ಕಾರು ಹತ್ತಲು ಧೈರ್ಯ ಬರದೆ ಆಯೇಷಾಳ ಮನೆಯಲ್ಲಿ ಇದ್ದಳು. ನಾನು ಇಲ್ಲಿ ಕೆಲಸ ಜಾಸ್ತಿ ಎಂದುಕೊಂಡು ಅವಳಿಗೆ ಇಷ್ಟವೆಂದು ಹುಣಿಸೆ ಗೊಜ್ಜು ಮಾಡಿಟ್ಟಿದ್ದೆ.

“ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ಏನ್ ಮಾಡ್ತಿದ್ದೆ? ಇನ್ನೊಂದು ಲೆಟರ್ ಬರೀತಿದ್ದೆ. ಅಮ್ಮಾ, ಯು ಆಸ್ಕ್ಡ್ ಮೈಸೂರ್ ಫಾರ್ ಪರ್ಮಿಷನ್. ಫಾರ್ ಮೈ ಟೈರ್ಸ್.”

ಕೂಗಲಿಲ್ಲ. ಮೆಲ್ಲಗೆ ಹೇಳಿದಳು. ಅವಳ ಅಪ್ಪನಿಗೂ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು.

ಅಕ್ಕ, ನಾನು ಬರೆದ ನಲವತ್ತೈದು ಡಿಗ್ರಿ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದ್ದು. ನಿಮ್ಮ ಲೆಕ್ಕದಲ್ಲಿ ಅದು ಏಳು. ನೀರು ಹೆಪ್ಪುಗಟ್ಟಲು ಸ್ವಲ್ಪವೇ ಬಾಕಿ. ನೀವು ಕಲಬುರಗಿಯ ಬೇಸಿಗೆ ಎಂದುಕೊಂಡು ಬೇಡ ಎಂದಿರಿ ಎಂಬುದು ನಿಮ್ಮ ಕಾಗದ ಓದಿದ ಕೂಡಲೇ ನನಗೆ ಗೊತ್ತಾಯಿತು. ಆದರೂ ತಿದ್ದಲಿಲ್ಲ. ನಿಮ್ಮಿಂದ ‘ಬೇಡ’ ಎನ್ನಿಸಿಕೊಳ್ಳುವುದೇ ನನಗೆ ಬೇಕಿತ್ತು. ಅವರು ಗಾಳಿ ತುಂಬಿಸಿದ ಟೈರು, ಅದರೊಳಗೆ ಇನ್ನೂ ಅದೇ ಗಾಳಿ ಇರಬಹುದು ಎಂದು ಏನೇನೋ ಅಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳುವ ಮಾತಲ್ಲ ಇದು.

ಗುರುವಾರ ಮತ್ತೆ ಹಿಮ ಎನ್ನುತ್ತಿದ್ದಾರೆ. ಸೋಮವಾರಕ್ಕೆ ಟೋನಿಯ ಹತ್ತಿರ ಸಮಯ ಹೇಳಿದ್ದೇನೆ. ಈ ಕಾಗದ ನಿಮಗೆ ಸೇರುವ ಹೊತ್ತಿಗೆ ಟೈರು ಹಾಕಿಸಿ ಆಗಿರುತ್ತದೆ. ಈ ಸಲ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ವಿಜಿ

*

ಮನ್ರೋ
14 ಜನವರಿ 2025

ಶೈಲಕ್ಕನಿಗೆ,

ಇವತ್ತು ಸಂಕ್ರಾಂತಿ. ನಮಗೆ ಈ ವರ್ಷ ಹಬ್ಬವಿಲ್ಲ. ನಿನ್ನೆ ಟೈರು ಹಾಕಿಸಿದೆವು.

ಮೊನ್ನೆಯ ಕಾಗದ ಅಂಚೆಗೆ ಹಾಕಿ ಬಂದ ಮೇಲೆ ನಿಮ್ಮ ಹಳೆಯ ಕಾಗದ ತೆಗೆದು ಮತ್ತೆ ಓದಿದೆ. ನಿಮ್ಮ ಮಾತು ಮೀರಿದ್ದು ಇದೇ ಮೊದಲು. ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿದಾಗ ನೋಡಲಾಗದೆ ಹೊರಗೆ ಬಂದು ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಟೋನಿ ಬಂದು, “ಮ್ಯಾಮ್, ವೇರ್ ಡು ಯು ವಾಂಟ್ ದೀಸ್?” ಎಂದ. ಹಳೆಯ ನಾಲ್ಕನ್ನೂ ಕಪ್ಪು ಚೀಲಗಳಲ್ಲಿ ಹಾಕಿ ಇಟ್ಟಿದ್ದ. ಅವು ಕೆಟ್ಟಿಲ್ಲ, ಏಪ್ರಿಲ್‌ನಲ್ಲಿ ಮತ್ತೆ ಹಾಕುತ್ತಾರಂತೆ. ಬಿಚ್ಚಿದರೆ ಬಿಸಾಡುತ್ತಾರೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಾರ್ಗಿಗೆ ಹೇಳಿದರೆ, “ಅದಕ್ಕಾ ಅಮ್ಮಾ ಇಷ್ಟು ದಿನ?” ಎಂದು ನನ್ನ ಮುಖವನ್ನೇ ನೋಡಿದಳು.

ಅತುಲ್ ಭಾಯ್‌ಗೆ ಬೇಜಾರಾಗಿದೆ. “ನನ್ನ ಮಾತು ಕೇಳಿ ಹೀಗಾಯ್ತು ಅಂತ ಅನ್ಕೋಬೇಡಿ. ನಾನು ಹಿಮ ಬಿದ್ದ ದಿನ ಮನೇಲೇ ಇರ್ತೀನಿ ಅನ್ನೋದನ್ನ ಹೇಳೋಕೆ ಮರೆತೆ” ಎಂದರು.

ಟೈರು ಹಾಕಿದರೂ ನನ್ನ ಹೆದರಿಕೆ ಹೋಗಿಲ್ಲ. ಬೆಳಗ್ಗೆ ಅವಳು ಹೊರಟ ಮೇಲೆ ತಲುಪಿದೆ ಎಂಬ ಮೆಸೇಜು ಬರುವವರೆಗೆ ಬಾಯಿಗೆ ಕಾಫಿ ಹಾಕಲು ಆಗುವುದಿಲ್ಲ. ನೀವು ಏನು ಬರೆಯುತ್ತೀರೋ ಎಂಬುದು ಇನ್ನೊಂದು ಹೆದರಿಕೆ.

ವಿಜಿ

*

ಮೈಸೂರು
1 ಫೆಬ್ರವರಿ 2025

ವಿಜಿ,

ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ಲಾರಿಯ ವಿಷಯ ಓದಿ ನಾನು ಅಡುಗೆಮನೆಯ ನೆಲದ ಮೇಲೆಯೇ ಕುಳಿತೆ. ಸೊಸೆ ಹೆದರಿ ನೀರು ತಂದಳು. ಏನಾಯಿತು ಎಂದು ಎಲ್ಲರೂ ಕೇಳಿದರು. ಕಾಗದ ಯಾರಿಗೂ ಕೊಡಲಿಲ್ಲ.

ಮೊಮ್ಮಗನನ್ನು ಕರೆದು, ಅಮೆರಿಕದ ನಲವತ್ತೈದು ನಮ್ಮದೆಷ್ಟು ಎಂದು ಕೇಳಿದೆ. ಅವನೂ ಏಳು ಎಂದ. ಅದನ್ನು ಅವತ್ತೇ ಕೇಳಬಹುದಿತ್ತು. ಮಗು ಪಕ್ಕದ ಕೋಣೆಯಲ್ಲಿಯೇ ಇದ್ದ. ಆದರೆ ಕೇಳಲಿಲ್ಲ, ಯಾಕೆ ಗೊತ್ತೇ? ನನಗೂ ‘ಬೇಡ’ ಎನ್ನುವುದೇ ಬೇಕಿತ್ತು. ನೀವು ಅಲ್ಲಿ ದಿವಾಕರನ ಒಂದೊಂದೇ ವಸ್ತುವನ್ನು ಬಿಚ್ಚುತ್ತಾ ಬರುತ್ತೀರಿ, ನನಗೆ ಇಲ್ಲಿ ತಡೆಯಲು ಇರುವುದು ಒಂದು ಪೆನ್ನು ಅಷ್ಟೇ ಎಂಬ ಸಂಕಟ. ವರ್ಷದ ನಿಯಮ ಆಗ ಕೈಗೆ ಸಿಕ್ಕಿತು.

ಹೊಸದು ತರಬಾರದು ಎಂದು ನಮ್ಮ ಅಮ್ಮ ಹೇಳುತ್ತಿದ್ದದ್ದು ಸೀರೆಗೆ, ಬಂಗಾರಕ್ಕೆ. ಅಪ್ಪ ತೀರಿಕೊಂಡ ವರ್ಷವೇ ಅಮ್ಮ ಮನೆಯ ಮಾಡಿಗೆ ಹೊಸ ಹೆಂಚು ಹಾಕಿಸಿದ್ದರು, ಯಾರೂ ಏನೂ ಅನ್ನಲಿಲ್ಲ. ಸೋರುತ್ತಿತ್ತು, ಹಾಕಿಸಿದರು.

ಗಾರ್ಗಿಗೆ ನನ್ನ ಮೇಲೆ ಕೋಪವಿದ್ದರೆ ಇರಲಿ. ಒಂದು ದಿನ ಅವಳೇ ನನಗೆ ಬೈದು ಬರೆಯಲಿ. ಇಂಗ್ಲಿಷಿನಲ್ಲಿಯೇ ಬರೆಯಲಿ, ಮೊಮ್ಮಗನ ಕೈಯಲ್ಲಿ ಗಟ್ಟಿಯಾಗಿ ಓದಿಸಿ ಕೇಳುತ್ತೇನೆ.

ನಿನ್ನ ಅಕ್ಕ

*

ಮನ್ರೋ
16 ಫೆಬ್ರವರಿ 2025

ಶೈಲಕ್ಕನಿಗೆ ನಮಸ್ಕಾರ.

ವರ್ಷಾಬ್ದಿಕದ ಕೆಲಸ ತಿಥಿಯ ದಿನವೇ ಆಯಿತು. ಅದನ್ನು ಮೊದಲೇ ಬರೆದುಬಿಡುತ್ತೇನೆ, ನೀವು ಕೊನೆಯವರೆಗೂ ಗಾಬರಿಯಿಂದ ಓದುವುದು ಬೇಡ.

ಬೆಳಗ್ಗೆ ಎದ್ದರೆ ಹಿಮ. ರವೆಯಂತಲ್ಲ, ಹತ್ತಿ ಬಿಡಿಸಿ ಎಸೆದಂತೆ. ಪುರೋಹಿತರಾದ ಗಣಪತಿ ಭಟ್ಟರ ಮನೆ ಬ್ರಿಡ್ಜ್‌ವಾಟರ್‌ನಲ್ಲಿ, ಸ್ವಲ್ಪ ತಗ್ಗಿನ ಜಾಗ. ಎಂಟಕ್ಕೆ ಫೋನು ಮಾಡಿದರು. “ವಿಜಿಯಮ್ಮಾ, ನಮ್ಮ ಗಾಡಿ ಡ್ರೈವ್‌ವೇ ಹತ್ತಿ ರಸ್ತೆಗೆ ಬರುದೇ ಇಲ್ಲ ಮಾರಾಯ್ರೇ. ಚಕ್ರ ತಿರುಗ್ತದೆ, ಗಾಡಿ ಇದ್ದಲ್ಲೇ ಉಂಟು. ನಾಳೆಗೆ ಇಟ್ಕೊಳ್ಳುವನಾ?”

“ನಾಳೆ ತಿಥಿ ಇರಲ್ವಲ್ಲ ಭಟ್ರೇ.”

“ಅದು ಹೌದು. ಆದ್ರೆ ಹಿಮಕ್ಕೆ ಪಂಚಾಂಗ ಗೊತ್ತಿಲ್ವಲ್ಲ.”

ಗಾರ್ಗಿ ಆಗಲೇ ಸ್ನಾನ ಮುಗಿಸಿ ಒಣಗಿದ ಮಡಿಯಲ್ಲಿ ನಿಂತಿದ್ದಳು. “ನಾನ್ ಹೋಗಿ ಕರ್ಕೊಂಡ್ ಬರ್ತೀನಿ” ಎಂದಳು.

“ಬೇಡ. ನಾಳೆಯೇ ಆಗಲಿ” ಎಂದೆ. ಹೌದು ಅಕ್ಕ, ನಾನೇ ಅಂದೆ. ತಿಥಿ ತಪ್ಪಬಾರದು ಎಂದು ನೀವು ಬರೆದ ಕಾಗದ ದೇವರ ಕೋಣೆಯಲ್ಲಿಯೇ ಇತ್ತು. ಆದರೂ ಬಾಯಿಂದ ಅದೇ ಬಂತು. ಹೋದವರ ಕೆಲಸ ಒಂದು ದಿನ ತಡವಾದರೆ ಅವರೇನೂ ಅಂದುಕೊಳ್ಳಲಾರರು.

“ಪ್ಲೌ ಹೋಗಿದೆ ಅಮ್ಮಾ, ನೋಡು. ನಿಧಾನಕ್ಕೆ ಹೋಗ್ತೀನಿ. ಸರಿ ಇಲ್ಲ ಅನ್ಸಿದ್ರೆ ತಿರುಗಿಸ್ಕೊಂಡು ಬಂದ್ಬಿಡ್ತೀನಿ. ಐ ನೋ ಹೌ ಟು ಬಿ ಸ್ಕೇರ್ಡ್ ನೌ.”

ಆ ಮಾತು ನನ್ನನ್ನು ಒಪ್ಪಿಸಿತು. ಹೆದರಿಕೆಯಿಲ್ಲ ಎಂದಿದ್ದರೆ ಕಳಿಸುತ್ತಿರಲಿಲ್ಲ. “ಹಾಗಾದ್ರೆ ನಾನೂ ಬರ್ತೀನಿ” ಎಂದೆ.

“ನೀನ್ ಬಂದ್ರೆ ಪ್ರತಿ ಸಿಗ್ನಲಲ್ಲೂ ‘ಅಯ್ಯೋ’ ಅಂತೀಯ.”

“ಅನ್ನಲ್ಲ.”

ಅನ್ನಲಿಲ್ಲ. ಶ್ರಾದ್ಧದ ಸಾಮಾನಿನ ಚೀಲವನ್ನು ಮನೆಯಲ್ಲಿ ಬಿಟ್ಟುಬರುವ ಬದಲು ಗಾಬರಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದೆ. ರಸ್ತೆಯಲ್ಲಿ ಒಂದೆರಡು ಕಾರು ಬದಿಗೆ ಜಾರಿ ನಿಂತಿದ್ದವು. ನಮ್ಮ ಟೈರು ಹಿಮವನ್ನು ಅಗಿಯುವ ಸದ್ದು ಮಾತ್ರ ಒಂದೇ ಸಮನೆ. ಅವಳು ಜಾರಿದ ತಿರುವು ಯಾವುದೆಂದು ನನಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಹಾಗಾಗಿ ಎಲ್ಲ ತಿರುವಿನಲ್ಲೂ ಅದೇ ಎಂದು ಕಣ್ಣು ಮುಚ್ಚುತ್ತಿದ್ದೆ.

ಅಷ್ಟರಲ್ಲಿ ಭಟ್ಟರ ಫೋನು. “ಅಮ್ಮಾ, ಎಳ್ಳು ಕರಿಯದ್ದೇ ತಾನೇ? ಹೋದ ವಾರ ಒಬ್ಬರ ಮನೆಯಲ್ಲಿ ಬೇಗಲ್ ಬ್ರೆಡ್ಡಿಗೆ ಹಾಕುವ ಬಿಳಿ ಎಳ್ಳು ಇಟ್ಟಿದ್ರು.”

ಚೀಲಕ್ಕೆ ಕೈ ಹಾಕಿ ಹುಡುಕತೊಡಗಿದೆ. ದರ್ಭೆ ಸಿಕ್ಕಿತು, ಅಕ್ಕಿ ಹಿಟ್ಟು ಸಿಕ್ಕಿತು, ಎಳ್ಳಿನ ಪೊಟ್ಟಣ ತಳದಲ್ಲಿತ್ತು. ಬಿಚ್ಚಿ ನೋಡಿದೆ. ಕಾರು ಸ್ವಲ್ಪ ವಾಲಿದಂತಾಯಿತು, ಮತ್ತೆ ನೆಟ್ಟಗಾಯಿತು.

“ಅಮ್ಮಾ” ಎಂದಳು ಗಾರ್ಗಿ. “ದಟ್ ವಾಸ್ ಇಟ್.”

“ಯಾವುದು?”

“ಆ ಎಕ್ಸಿಟ್ಟು. ದಾಟಿ ಆಯ್ತು.”

ತಿರುಗಿ ನೋಡಿದೆ. ಹಿಂದಿನ ಗಾಜಿನಲ್ಲಿ ಹಿಮವಲ್ಲದೆ ಏನೂ ಕಾಣಲಿಲ್ಲ. ಎಲ್ಲ ತಿರುವಿನಲ್ಲೂ ಕಣ್ಣು ಮುಚ್ಚಿದವಳು ಅದೊಂದರಲ್ಲಿ ಮಾತ್ರ ಕಣ್ಣು ಬಿಟ್ಟುಕೊಂಡು ಎಳ್ಳು ನೋಡುತ್ತಿದ್ದೆ. ಫೋನಿನಲ್ಲಿ ಭಟ್ಟರು “ಹಲೋ, ಹಲೋ, ಉಂಟಾ?” ಎನ್ನುತ್ತಲೇ ಇದ್ದರು.

“ಉಂಟು ಭಟ್ರೇ, ಕರಿಯದ್ದೇ” ಎಂದೆ. “ಹೊರಗೆ ಬಂದು ನಿಂತ್ಕೊಳ್ಳಿ. ನನ್ನ ಮಗಳು ಬರ್ತಿದ್ದಾಳೆ.”

ನಿಮ್ಮ
ವಿಜಿ